ಮಂಜಿನ ಮುಂದೆ ನಿಂತ ಮನುಷ್ಯ

(ಗುಂಡ್ಲುಪೇಟೆಯಲ್ಲಿ ಸೇರಿದ್ದ ಕಾರ್ಯಕರ್ತರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಈ ಕೂಟದಲ್ಲಿ ಇದುವರೆಗೆ ಕೂಲಿಯ ವಿಚಾರ, ಬೆಳೆಯ ಬೆಲೆಯ ವಿಚಾರ, ಪಂಚಾಯಿತಿಯ ವಿಚಾರ ಮಾತನಾಡಿದ್ದೇವೆ. ಈ ದಿನ ಒಂದು ಚಿತ್ರದ ವಿಚಾರ ಮಾತನಾಡುತ್ತೇವೆಂದು ಹೇಳಿಕಳುಹಿಸಿದಾಗ ಚಾಮರಾಜನಗರದ ಹಿರಿಯರೊಬ್ಬರು ನಕ್ಕು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇನಪ್ಪಾ?" ಎಂದರು. ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಅವರಿಗೆ ಉತ್ತರ ಕೊಡದೆ ಮಾತು ಮುಗಿಸುವುದಿಲ್ಲವೆಂದು ಒಪ್ಪಿಕೊಂಡೇ ಪ್ರಾರಂಭಿಸುತ್ತೇವೆ. ನಾವು ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೆಟ್ರಿಕ್ ಮುಗಿಸಿ, ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಈ ಕೆಲಸಕ್ಕೆ ಬಂದವರು. ಪಂಡಿತರ ಮಾತು ಬೇಕೆನ್ನುವವರು ನಮ್ಮನ್ನು ಕ್ಷಮಿಸಬೇಕು.

ಗೋಡೆಗೆ ತೂಗುಹಾಕಿರುವ ಈ ಚಿತ್ರವನ್ನು ನೋಡಿ. ಇದು ಮೈಸೂರಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ನಮಗೆ ಸಿಕ್ಕ ಅಚ್ಚು. ಮೂಲಚಿತ್ರ ಜರ್ಮನಿಯ ಹ್ಯಾಂಬರ್ಗ್ ನಗರದ ಕಲಾಸಂಗ್ರಹಾಲಯದಲ್ಲಿದೆ. ಬಹಳ ದೊಡ್ಡದೇನೂ ಅಲ್ಲ. ಸುಮಾರು 95 ಸೆಂಟಿಮೀಟರ್ ಎತ್ತರ, 75 ಸೆಂಟಿಮೀಟರ್ ಅಗಲ. ಒಂದು ಕಪ್ಪು ಬಂಡೆ. ಬಂಡೆಯ ತುದಿಯಲ್ಲಿ ಕಡುಹಸಿರು ಕೋಟು ತೊಟ್ಟ ಒಬ್ಬ ಮನುಷ್ಯ, ಕೈಯಲ್ಲಿ ಊರುಗೋಲು, ಗಾಳಿಗೆ ಕೆದರಿದ ಕೂದಲು. ಅವನ ಮುಂದೆ, ಕಾಲ ಕೆಳಗೆ, ಸಮುದ್ರದಂತೆ ಮಂಜು. ಮಂಜಿನಿಂದ ಅಲ್ಲಲ್ಲಿ ಬಂಡೆಯ ಮೊನೆಗಳು ಎದ್ದಿವೆ. ಅದರಾಚೆ ಬೆಟ್ಟ, ಅದರಾಚೆ ಆಕಾಶ. ಮನುಷ್ಯನ ಮುಖ ನಮಗೆ ಕಾಣುವುದಿಲ್ಲ. ಅವನು ನಮಗೆ ಬೆನ್ನು ಹಾಕಿ ನಿಂತಿದ್ದಾನೆ.

ಇದನ್ನು ಮೊಳೆಗೆ ಸಿಕ್ಕಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ತರುಣರು, "ಇದು ನಮ್ಮ ಗೋಪಾಲಸ್ವಾಮಿ ಬೆಟ್ಟ ಅಲ್ಲವೇ?" ಎಂದರು. ಎಲ್ಲರೂ ನಕ್ಕರು. ನಗುವ ಮಾತಲ್ಲ, ಸರಿಯಾದ ಮಾತು. ಹಂಗಳದಾಚೆ ಬೆಟ್ಟದ ಬುಡದಲ್ಲಿ ಸರ್ಕಾರಿ ಬಸ್ಸು ಹತ್ತಿ, 1454 ಮೀಟರ್ ಎತ್ತರದ ಆ ನೆತ್ತಿಗೆ ಮಳೆಗಾಲದ ಬೆಳಿಗ್ಗೆ ಹೋಗಿ ನೋಡಿ. ಬೆಂಗಳೂರಿನಿಂದ ಬಂದವರು, ಮೈಸೂರಿನಿಂದ ಬಂದವರು, ಕೇರಳದಿಂದ ಬಂದವರು ಸಾಲಾಗಿ ನಿಂತು, ಮಂಜಿನ ಕಡೆ ಮುಖಮಾಡಿ, ಬೆನ್ನು ತಿರುಗಿಸಿ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಲ್ಲಿ ನೂರಕ್ಕೆ ತೊಂಬತ್ತು ಜನ ಈ ಚಿತ್ರವನ್ನು ನೋಡಿರಲಾರರು, ಬರೆದವನ ಹೆಸರು ಕೇಳಿರಲಾರರು. ಆದರೂ ಇನ್ನೂರು ವರ್ಷದ ಹಿಂದೆ ಒಬ್ಬ ಜರ್ಮನ್ ಚಿತ್ರಗಾರ ನಿಲ್ಲಿಸಿದ ಹಾಗೆಯೇ ನಿಲ್ಲುತ್ತಾರೆ. ಇದು ಹೇಗೆ? ಈ ದಿನದ ನಮ್ಮ ಪ್ರಶ್ನೆ ಇದು.

ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕಾಡಂಚಿನ ಒಂದು ಹಳ್ಳಿಯಲ್ಲಿ ನಾವು ಮೇಷ್ಟರಾಗಿದ್ದೆವು. ಡ್ರಾಯಿಂಗ್ ಪಾಠದ ದಿನ ಬೋರ್ಡಿನ ಮೇಲೆ ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೆ ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ, ಇಷ್ಟು ಬರೆದು "ಇದರಂತೆ ಬೆಟ್ಟ ಬರೆಯಿರಿ" ಎನ್ನುತ್ತಿದ್ದೆವು. ನಮ್ಮ ಮೇಷ್ಟರೂ ನಮಗೆ ಅದನ್ನೇ ಬರೆಸಿದ್ದರು. ಒಂದು ದಿನ ಬೆಳಿಗ್ಗೆ ದನ ಕಾಯ್ದು ಆಮೇಲೆ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ ಹೆಚ್ಚುಕಡಮೆ ಖಾಲಿ ಹಾಳೆ ತಂದುಕೊಟ್ಟ. ಸೀಸದ ಕಡ್ಡಿಯನ್ನು ಅಡ್ಡ ಹಿಡಿದು ಹಾಳೆಯನ್ನೆಲ್ಲ ತೆಳ್ಳಗೆ ಉಜ್ಜಿದ್ದ. ಕೆಳಗಿನ ಮೂಲೆಯಲ್ಲಿ ಹಸುವಿನ ಎರಡು ಕೋಡು ಮಾತ್ರ ಇದ್ದವು. "ಬೆಟ್ಟ ಎಲ್ಲೋ?" ಎಂದೆವು. "ಮಂಜೊಳಗದ ಸಾ" ಎಂದ. "ಹಸುವಿನ ಮೈ ಎಲ್ಲೋ?" ಎಂದೆವು. "ಅದೂ ಮಂಜೊಳಗದ. ಗಂಟೆ ಸದ್ದು ಕೇಳ್ತದಲ್ಲ, ಅದ್ರಲ್ಲೇ ಗೊತ್ತಾಯ್ತದ" ಎಂದ. ಸೋಮಾರಿತನಕ್ಕೆ ನೆಪ ಹೇಳುತ್ತಾನೆಂದು ಅವನಿಗೆ ಸೊನ್ನೆ ಹಾಕಿ, ಹಾಳೆಯನ್ನು ತರಗತಿಗೆಲ್ಲ ತೋರಿಸಿ ನಗಿಸಿದೆವು. ಏಳನೆಯ ತರಗತಿ ಮುಗಿಯುವ ಮೊದಲೇ ಅವನ ಮನೆಯವರು ಕೂಲಿಗೆಂದು ವಯನಾಡಿನ ಕಡೆ ಹೋದರು. ಅವನೂ ಹೋದ. ಆಮೇಲೆ ನಾವು ಅವನನ್ನು ನೋಡಲಿಲ್ಲ. ಎಷ್ಟೋ ಕಾಲದ ನಂತರ ಆ ಪುಸ್ತಕದ ಅಂಗಡಿಯಲ್ಲಿ ಈ ಅಚ್ಚು ಕೈಗೆ ಸಿಕ್ಕಾಗ, ನಮಗೆ ಮೊದಲು ನೆನಪಾದದ್ದು ಜರ್ಮನಿಯಲ್ಲ, ಆ ಹುಡುಗನ ಹಾಳೆ.

ಈಗ ಚಿತ್ರಗಾರನ ವಿಷಯಕ್ಕೆ ಬರೋಣ. ಅವನ ಹೆಸರು ಕಾಸ್ಪರ್ ಡಾವಿಡ್ ಫ್ರೀಡ್ರಿಖ್. 1774ರಲ್ಲಿ ಬಾಲ್ಟಿಕ್ ಸಮುದ್ರದ ಬಳಿಯ ಗ್ರೈಫ್ಸ್‌ವಾಲ್ಡ್ ಎಂಬ ಊರಿನಲ್ಲಿ ಹುಟ್ಟಿದ. ತಂದೆ ಸೋಪು ಬೇಯಿಸಿ ಮೇಣದ ಬತ್ತಿ ಮಾಡುತ್ತಿದ್ದವನು. ಮನೆತುಂಬ ಮಕ್ಕಳು. ಏಳನೆಯ ವಯಸ್ಸಿಗೆ ತಾಯಿ ತೀರಿಕೊಂಡಳು. ಹದಿಮೂರನೆಯ ವಯಸ್ಸಿನಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲಿದ್ದಾಗ ಮಂಜುಗಡ್ಡೆ ಒಡೆಯಿತು. ಇವನು ಉಳಿದುಕೊಂಡ, ತಮ್ಮ ಮುಳುಗಿ ಸತ್ತ. ಕೋಪನ್‌ಹೇಗನ್ನಿನಲ್ಲಿ ಕಲಿತು, 1798ರಿಂದ ಡ್ರೆಸ್ಡನ್ ನಗರದಲ್ಲಿ ನೆಲಸಿದ. ಅವನು ಕೆಲಸ ಮಾಡುತ್ತಿದ್ದ ಕೋಣೆಯನ್ನು ಅವನ ಸ್ನೇಹಿತ ಕೆರ್ಸ್ಟಿಂಗ್ ಚಿತ್ರ ಬರೆದಿಟ್ಟಿದ್ದಾನೆ. ಬರಿಯ ಗೋಡೆ, ಒಂದು ಕಿಟಕಿ, ಚಿತ್ರದ ಹಲಗೆ, ಕುರ್ಚಿ. ಬೇರೆ ಹೆಚ್ಚೇನೂ ಇಲ್ಲ. ಬೆಟ್ಟಗಳಲ್ಲಿ ನಡೆದಾಡಿ ಬಂಡೆಯನ್ನೂ ಮರವನ್ನೂ ಬಿಡಿಬಿಡಿಯಾಗಿ ಗುರುತು ಹಾಕಿಕೊಂಡು ಬಂದು, ಈ ಬರಿದಾದ ಕೋಣೆಯಲ್ಲಿ ಕುಳಿತು ಅವನ್ನು ಜೋಡಿಸುತ್ತಿದ್ದ. ಈ ಚಿತ್ರದಲ್ಲಿರುವ ಬಂಡೆಗಳೆಲ್ಲ ಡ್ರೆಸ್ಡನ್ನಿನ ಹತ್ತಿರದ ಮರಳುಗಲ್ಲಿನ ಬೆಟ್ಟಗಳವು. ಆದರೆ ಅವನ್ನೆಲ್ಲ ಹೀಗೆ ಒಟ್ಟಿಗೆ ತೋರಿಸುವ ಜಾಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಇವನ ಬಳಗಕ್ಕೆ ರೊಮ್ಯಾಂಟಿಕ್ ಪಂಥ ಎಂದು ಹೆಸರು. ಆ ಪದ ಕೇಳಿದೊಡನೆ ನಮ್ಮ ತರುಣರಿಗೆ ಸಿನಿಮಾದಲ್ಲಿ ಮರ ಸುತ್ತುವುದು ನೆನಪಾಗುತ್ತದೆ. ಅದಲ್ಲ. ಕನ್ನಡದ ವಿದ್ವಾಂಸರು ಇದನ್ನು ರಮ್ಯ ಪಂಥ ಎನ್ನುತ್ತಾರೆ. ಅದರ ಸಾರವನ್ನು ಹಳ್ಳಿಯ ಮಾತಿನಲ್ಲಿ ಹೇಳಬಹುದು. ಅಲ್ಲಿಯವರೆಗೆ ದೊಡ್ಡ ಚಿತ್ರವೆಂದರೆ ದೇವರದು, ರಾಜನದು, ಯುದ್ಧದ್ದು. ಬೆಟ್ಟ, ಮರ, ಆಕಾಶ ಇವು ಹಿಂದಿನ ಪರದೆ. ನಾಟಕದ ಕಂಪನಿಯ ಪರದೆ ಇದ್ದಂತೆ. ಈ ಜನ ಪರದೆಯನ್ನೇ ಮುಂದಕ್ಕೆ ತಂದರು. ಮನುಷ್ಯನ ಮನಸ್ಸಿನೊಳಗೆ ನಡೆಯುವುದನ್ನು ಬೆಟ್ಟದಲ್ಲಿ, ಮಂಜಿನಲ್ಲಿ, ಚಂದ್ರನಲ್ಲಿ ಕಾಣಿಸಬಹುದೆಂದು ಹೇಳಿದರು.

ಇದಕ್ಕೆ ಜಗಳವೇ ಆಯಿತು. 1808ರಲ್ಲಿ ಫ್ರೀಡ್ರಿಖ್ ಒಂದು ಚಿತ್ರವನ್ನು ಚರ್ಚಿನ ಬಲಿಪೀಠದ ಮೇಲಿಡುವಂತೆ ಚೌಕಟ್ಟು ಹಾಕಿಸಿ ತನ್ನ ಕೋಣೆಯಲ್ಲಿ ಜನರಿಗೆ ತೋರಿಸಿದ. ಬೆಟ್ಟದ ನೆತ್ತಿ, ಸುತ್ತ ಮರಗಳು, ನೆತ್ತಿಯ ಮೇಲೆ ಒಂದು ಶಿಲುಬೆ, ಹಿಂದೆ ಮುಳುಗುವ ಸೂರ್ಯ. ಮರುವರ್ಷ ರಾಮ್‌ಡೋರ್ ಎಂಬ ವಿಮರ್ಶಕ ಕೋಪದಿಂದ ಬರೆದ: ಬೆಟ್ಟದ ಚಿತ್ರವೊಂದು ನುಸುಳಿಕೊಂಡು ಹೋಗಿ ದೇವರ ಪೀಠವನ್ನು ಹತ್ತುವುದೆಂದರೇನು, ಇದು ಉದ್ಧಟತನ ಎಂದು. ಪತ್ರಿಕೆಗಳಲ್ಲಿ ವಾದ ಪ್ರತಿವಾದ ನಡೆದವು.

ಮಿತ್ರರೇ, ಆ ಜಗಳವನ್ನು ಓದಿದಾಗ ನಮಗೆ ನಗು ಬಂತು. ನಮ್ಮ ಬೆಟ್ಟದ ದೇವರ ಹೆಸರೇನು? ಹಿಮವದ್ ಗೋಪಾಲಸ್ವಾಮಿ. ದೇವರ ಹೆಸರಿಗಿಂತ ಮೊದಲು ಮಂಜಿನ ಹೆಸರು! ಗರ್ಭಗುಡಿಯ ಬಾಗಿಲ ಮೇಲೆ ಮಂಜು ಹನಿಯಾಗಿ ತೊಟ್ಟಿಕ್ಕುವುದನ್ನು ಜನ ತೀರ್ಥವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಸೋಲಿಗರಿಗೆ ದೊಡ್ಡ ಸಂಪಿಗೆಯ ಮರವೇ ದೇವರು. ಅಲ್ಲಿ ಮರವನ್ನು ಪೀಠಕ್ಕೆ ಏರಿಸಬೇಕಾದ್ದಿಲ್ಲ. ಪೀಠವೇ ಮರದ ಬುಡಕ್ಕೆ ಬಂದಿದೆ. ಜರ್ಮನಿಯ ವಿದ್ವಾಂಸರು ಯಾವುದಕ್ಕಾಗಿ ಹೊಡೆದಾಡಿದರೋ ಅದನ್ನು ನಮ್ಮ ಬೆಟ್ಟದ ಜನ ಯಾವ ವಾದವೂ ಇಲ್ಲದೆ ಬಹಳ ಹಿಂದೆಯೇ ತೀರ್ಮಾನ ಮಾಡಿಕೊಂಡಿದ್ದರು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ನಮ್ಮವರು ಬೆಟ್ಟಕ್ಕೆ ಪರಸೆ ಕಟ್ಟಿಕೊಂಡು, ಗುಂಪಾಗಿ, ಬುತ್ತಿ ಹೊತ್ತು ಹೋಗುತ್ತಾರೆ. ಫ್ರೀಡ್ರಿಖನ ಮನುಷ್ಯ ಒಬ್ಬನೇ ಹೋಗುತ್ತಾನೆ. ಆ ಒಂಟಿತನ ಎಲ್ಲಿಂದ ಬಂತು?

ಇದಕ್ಕೆ ಕಾಲವನ್ನು ನೋಡಬೇಕು. ಈ ಚಿತ್ರ ಬರೆದದ್ದು ಸುಮಾರು 1818ರಲ್ಲಿ. ಆ ವರ್ಷವೇ ಫ್ರೀಡ್ರಿಖನ ಮದುವೆಯಾಯಿತು. ಆ ವರ್ಷವೇ ಜರ್ಮನಿಯ ಟ್ರಿಯರ್ ಊರಿನಲ್ಲಿ ಕಾರ್ಲ್ ಮಾರ್ಕ್ಸ್ ಹುಟ್ಟಿದ. ಆ ವರ್ಷವೇ ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಹುಟ್ಟಿದ ಊರೆಂದು ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ಇವುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಕಾಕತಾಳೀಯ. ಆದರೆ ಕಾಲದ ಗುಣ ಒಂದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರು ಹಳೆಯ ಮನೆತನದ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿದರು. ಬೀಗದ ಕೈ ಮಾತ್ರ ತಮ್ಮ ಸೊಂಟದಲ್ಲಿ ಇಟ್ಟುಕೊಂಡರು. ಅಲ್ಲಿ, ನೆಪೋಲಿಯನ್ ಸೋತಮೇಲೆ, ವಿಯೆನ್ನಾದಲ್ಲಿ ಸೇರಿದ ದೊರೆಗಳು ಹಳೆಯ ಸಿಂಹಾಸನಗಳನ್ನು ಒರಸಿ ಮತ್ತೆ ಇಟ್ಟರು. ಎರಡು ಕಡೆಯೂ ದೊಡ್ಡ ಯುದ್ಧ ಮುಗಿದಿತ್ತು. ಎರಡು ಕಡೆಯೂ ಸಾಮಾನ್ಯ ಜನರ ಪಾಲಿಗೆ ಏನೂ ಬಂದಿರಲಿಲ್ಲ.

ಜರ್ಮನಿ ಆಗ ಒಂದು ದೇಶವಲ್ಲ, ಮೂವತ್ತಕ್ಕೂ ಹೆಚ್ಚು ಸಂಸ್ಥಾನಗಳ ಕಂತೆ. ನೆಪೋಲಿಯನ್ನನ ಸೈನ್ಯ ತಮ್ಮ ನೆಲದಲ್ಲಿ ಬೀಡುಬಿಟ್ಟಿದ್ದಾಗ ತರುಣರು, "ಇವನನ್ನು ಓಡಿಸಿದರೆ ನಮಗೆ ಒಂದು ದೇಶ, ಒಂದು ಸಂವಿಧಾನ, ಮಾತನಾಡುವ ಸ್ವಾತಂತ್ರ್ಯ ಬರುತ್ತದೆ" ಎಂದು ನಂಬಿ ಪ್ರಾಣ ಕೊಟ್ಟರು. ಫ್ರೀಡ್ರಿಖನೂ ಅದೇ ನಂಬಿಕೆಯವನು. 1814ರಲ್ಲಿ ಅವನು ತೋರಿಸಿದ ಒಂದು ಚಿತ್ರದಲ್ಲಿ ಹಿಮ ಹೊದ್ದ ದಟ್ಟ ಕಾಡಿನ ಮುಂದೆ ಒಬ್ಬನೇ ಫ್ರೆಂಚ್ ಸಿಪಾಯಿ, ಬೆನ್ನು ನಮ್ಮ ಕಡೆಗೆ. ಕಾಡು ಅವನನ್ನು ನುಂಗಲು ಕಾಯುತ್ತಿದೆ. ಯುದ್ಧ ಗೆದ್ದಿತು; ಆಸೆ ಗೆಲ್ಲಲಿಲ್ಲ. 1819ರಲ್ಲಿ ಕಾರ್ಲ್ಸ್‌ಬಾಡ್ ಎಂಬಲ್ಲಿ ಸಂಸ್ಥಾನಗಳ ಮಂತ್ರಿಗಳು ಸೇರಿ ಪತ್ರಿಕೆಗಳಿಗೆ ಬಾಯಿಪಟ್ಟಿ ಕಟ್ಟಿದರು, ವಿಶ್ವವಿದ್ಯಾನಿಲಯಗಳ ಮೇಲೆ ಕಾವಲು ಹಾಕಿದರು, ವಿದ್ಯಾರ್ಥಿ ಸಂಘಗಳನ್ನು ಮುಚ್ಚಿದರು. ಆಗ ದೇಶಭಕ್ತ ತರುಣರು ಹಳೆಯ ಕಾಲದ ಜರ್ಮನ್ ಉಡುಪು ತೊಡುತ್ತಿದ್ದರು, ನಮ್ಮಲ್ಲಿ ಖಾದಿ ತೊಟ್ಟ ಹಾಗೆ. ಆ ಬಟ್ಟೆಯೂ ಸರ್ಕಾರದ ಕಣ್ಣಿಗೆ ಅಪರಾಧವಾಯಿತು.

ಫ್ರೀಡ್ರಿಖ್ ಏನು ಮಾಡಿದ? ಮೆರವಣಿಗೆ ಮಾಡಲಿಲ್ಲ, ಕರಪತ್ರ ಬರೆಯಲಿಲ್ಲ. ಸರ್ಕಾರ ಗದರಿಸಿದ ಅದೇ ಉಡುಪಿನಲ್ಲಿ ಇಬ್ಬರು ಗೆಳೆಯರು ಬೆಟ್ಟದ ದಾರಿಯಲ್ಲಿ ನಿಂತು ಚಂದ್ರನನ್ನು ನೋಡುವ ಚಿತ್ರ ಬರೆದ. ಅದು ಈಗ ಡ್ರೆಸ್ಡನ್ನಿನಲ್ಲಿದೆ. ನೋಡಲು ಬಂದವರಿಗೆ, ಇವರು ರಾಜದ್ರೋಹದ ಪಿತೂರಿ ನಡೆಸುತ್ತಿದ್ದಾರೆಂದು ಅವನು ವ್ಯಂಗ್ಯವಾಡಿದನೆಂದು ಅವನ ಕಾಲದವನೊಬ್ಬ ಬರೆದಿಟ್ಟಿದ್ದಾನೆ. ಆದುದರಿಂದ ಈ ಬೆನ್ನು ತೋರಿಸಿದ ಮನುಷ್ಯರನ್ನು ಹೊಟ್ಟೆ ತುಂಬಿ ವಿಹಾರಕ್ಕೆ ಹೋದವರೆಂದು ತಳ್ಳಿಹಾಕಬಾರದು. ಬಾಯಿ ಮುಚ್ಚಿಸಿದ ಕಾಲದಲ್ಲಿ ಕಣ್ಣು ತೆರೆದು ನಿಂತವರು ಇವರು. ಮುಂದೇನೆಂದು ಕಾಣುವುದಿಲ್ಲ, ಮಂಜು ಕವಿದಿದೆ. ಆದರೂ ಮನೆಗೆ ಹಿಂದಿರುಗಲಿಲ್ಲ, ಕಾಯುತ್ತಿದ್ದಾರೆ. ಐರ್ಲೆಂಡಿನ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್, ಇಬ್ಬರು ಅಲೆಮಾರಿಗಳು ಬಾರದವನಿಗಾಗಿ ಕಾಯುವ ತನ್ನ ನಾಟಕಕ್ಕೆ ಮೂಲ ಫ್ರೀಡ್ರಿಖನ ಚಂದ್ರ ನೋಡುವವರ ಚಿತ್ರವೆಂದು ಹೇಳಿದ್ದಾನೆ. ಆ ನಾಟಕ ನಮ್ಮ ಕಾಲದ್ದು. ಕಾಯುವುದು ಯಾವ ಕಾಲಕ್ಕೂ ಹಳೆಯದಾಗುವುದಿಲ್ಲ.

ಚಿತ್ರದ ಸೆಳೆತಕ್ಕೆ ಇನ್ನೊಂದು ಕಾರಣ ಅದರ ಕಟ್ಟಿನಲ್ಲಿಯೇ ಇದೆ. ಮುಖ ಕಾಣಿಸಿದ್ದರೆ ಅವನು ಒಬ್ಬ ಜರ್ಮನ್, ಒಬ್ಬ ದೊಡ್ಡ ಮನುಷ್ಯ, ಇಷ್ಟು ವಯಸ್ಸಿನವನು ಎಂದು ನಾವು ಅವನನ್ನು ನೋಡುತ್ತಿದ್ದೆವು. ಮುಖವಿಲ್ಲದ್ದರಿಂದ ನಾವು ಅವನನ್ನು ನೋಡುವುದಿಲ್ಲ. ಅವನ ಜೊತೆ ನಿಂತು ಅವನು ನೋಡುವುದನ್ನು ನೋಡುತ್ತೇವೆ. ಗುಂಡ್ಲುಪೇಟೆಯವನೂ ಆ ಜಾಗದಲ್ಲಿ ನಿಲ್ಲಬಹುದು. ಎರಡನೆಯದು, ಮಂಜು ಅರ್ಧ ಮುಚ್ಚುತ್ತದೆ. ಉಳಿದರ್ಧವನ್ನು ನೋಡುವವನ ಮನಸ್ಸು ಬರೆಯುತ್ತದೆ. 1810ರಲ್ಲಿ ಬರ್ಲಿನ್ನಿನಲ್ಲಿ ತೋರಿಸಿದ ಒಂದು ಚಿತ್ರದಲ್ಲಿ ಫ್ರೀಡ್ರಿಖ್ ಸಮುದ್ರದ ದಡದಲ್ಲಿ ಇರುವೆಯಷ್ಟು ಸಣ್ಣದಾಗಿ ಒಬ್ಬ ಸನ್ಯಾಸಿಯನ್ನು ನಿಲ್ಲಿಸಿ, ಹಲಗೆಯ ಮುಕ್ಕಾಲು ಭಾಗಕ್ಕೂ ಮಿಕ್ಕಿ ಬರಿಯ ಆಕಾಶ ಬಿಟ್ಟಿದ್ದಾನೆ. ಮೊದಲು ಸಮುದ್ರದಲ್ಲಿ ಹಡಗುಗಳನ್ನು ಬರೆಯಹೊರಟು ಆಮೇಲೆ ಬಿಟ್ಟುಬಿಟ್ಟನೆಂದು ಈಗಿನ ಪರೀಕ್ಷೆಗಳಿಂದ ಗೊತ್ತಾಗಿದೆ. ಆ ಖಾಲಿ ಚಿತ್ರವನ್ನು ಪ್ರಷ್ಯದ ದೊರೆ ಹಣ ಕೊಟ್ಟು ಕೊಂಡ. ನಮ್ಮ ಹುಡುಗನ ಖಾಲಿ ಹಾಳೆಗೆ ನಾವು ಸೊನ್ನೆ ಕೊಟ್ಟೆವು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಸತ್ಯಕ್ಕೆ ದ್ರೋಹವಾಗುತ್ತದೆ. ಫ್ರೀಡ್ರಿಖ್ 1835ರಲ್ಲಿ ಪಾರ್ಶ್ವವಾಯು ಹೊಡೆದು, 1840ರಲ್ಲಿ ಬಡತನದಲ್ಲಿ ಸತ್ತ. ಜನ ಮರೆತರು. 1906ರಲ್ಲಿ ಬರ್ಲಿನ್ನಿನಲ್ಲಿ ಒಂದು ಶತಮಾನದ ಜರ್ಮನ್ ಕಲೆಯ ದೊಡ್ಡ ಪ್ರದರ್ಶನ ನಡೆದಾಗ ಮತ್ತೆ ನೆನಪಿಗೆ ಬಂದ. ಆಮೇಲೆ ಹಿಟ್ಲರನ ಕಾಲ ಬಂತು. ಆ ಜನ ಈ ಚಿತ್ರಗಳನ್ನು ಹಿಡಿದುಕೊಂಡು, "ನೋಡಿ, ಇದು ನಮ್ಮ ರಕ್ತ, ಇದು ನಮ್ಮ ನೆಲ, ಇದು ಜರ್ಮನ್ ಆತ್ಮ" ಎಂದು ಮೆರೆದರು. ಸಂಸ್ಥಾನಗಳ ದಬ್ಬಾಳಿಕೆಗೆ ತಲೆಬಾಗದವನ ಚಿತ್ರ ಅದಕ್ಕಿಂತ ಸಾವಿರಪಾಲು ಕ್ರೂರವಾದ ದಬ್ಬಾಳಿಕೆಯ ಗೋಡೆಗೆ ಅಲಂಕಾರವಾಯಿತು. ಆ ಯುದ್ಧ ಮುಗಿಯುವಾಗ, 1945ರಲ್ಲಿ, ಮಠದ ಸ್ಮಶಾನದಲ್ಲಿ ಹಿಮ ಬಿದ್ದಿರುವ ಅವನ ಪ್ರಸಿದ್ಧ ಚಿತ್ರ ಬರ್ಲಿನ್ನಿನಲ್ಲಿ ನಾಶವಾಯಿತು. ಯುದ್ಧದ ನಂತರ ಅವನ ಹೆಸರಿಗೆ ಅಂಟಿದ ಮಸಿ ತೊಳೆಯಲು ಬಹಳ ಕಾಲ ಹಿಡಿಯಿತು. 1974ರಲ್ಲಿ, ಅವನು ಹುಟ್ಟಿ 200 ವರ್ಷವಾದಾಗ, ಹ್ಯಾಂಬರ್ಗಿನ ಪ್ರದರ್ಶನದಿಂದ ಅವನು ಮತ್ತೆ ಎದ್ದುನಿಂತ. 2024ರಲ್ಲಿ 250 ವರ್ಷವಾದಾಗ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡನ್ ಮೂರು ಕಡೆಯೂ ಪ್ರದರ್ಶನಗಳು ನಡೆದವು. 2025ರಲ್ಲಿ ನ್ಯೂಯಾರ್ಕಿನಲ್ಲಿಯೂ ಆಯಿತು. ಭೂಮಿ ಬಿಸಿಯಾಗಿ ಹಿಮ ಕರಗುತ್ತಿರುವ ಈ ಕಾಲದಲ್ಲಿ ಅವನ ಮಂಜುಗಡ್ಡೆಯ ಸಮುದ್ರದ ಚಿತ್ರವನ್ನು ನೋಡುವವರಿಗೆ ಹೊಸ ಭಯ, ಹೊಸ ಅರ್ಥ.

ಒಂದೇ ಚಿತ್ರ ಸ್ವಾತಂತ್ರ್ಯಪ್ರಿಯನಿಗೂ ಒದಗಿತು, ಹಿಟ್ಲರನ ಬಂಟನಿಗೂ ಒದಗಿತು. ಇದು ಹೇಗೆ ಸಾಧ್ಯ? ಖಾಲಿ ಬಿಟ್ಟ ಜಾಗದಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಮಂಜಿನ ಕೆಳಗೆ ಊರಿದೆ, ಊರಿನಲ್ಲಿ ಜನರಿದ್ದಾರೆ ಎಂಬುದನ್ನು ನೋಡುವವನು ಮರೆತನೆಂದರೆ, ಆ ಬಿಳಿಯ ಜಾಗಕ್ಕೆ ರಾಜ ಬರುತ್ತಾನೆ, ಸರ್ವಾಧಿಕಾರಿ ಬರುತ್ತಾನೆ, ಜಾಹೀರಾತಿನವನು ಬರುತ್ತಾನೆ. ರಮ್ಯ ಪಂಥದ ಚೆಲುವು ಎಲ್ಲಿದೆಯೋ ಅದರ ಅಪಾಯವೂ ಅಲ್ಲಿಯೇ ಇದೆ.

ಇದು ದೂರದ ಜರ್ಮನಿಯ ಮಾತೆಂದು ತಿಳಿಯಬೇಡಿ. ನಮ್ಮ ಬೆಟ್ಟಕ್ಕೆ ಬನ್ನಿ. 1931ರಲ್ಲಿ ಮೈಸೂರಿನ ಮಹಾರಾಜರ ಸರ್ಕಾರ ಇಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಗೊತ್ತುಮಾಡಿತು. ಹೆಸರು ಬಂದದ್ದು ಬೆಟ್ಟದ ದೇವರಿಂದ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಹುಲಿ ಉಳಿಯಬೇಕು, ಕಾಡು ಉಳಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡೆಂದರೆ ಜನರಿಲ್ಲದ ಜಾಗ ಎಂದು ನಕ್ಷೆ ಬರೆದವರು ನೋಡಿದರು. ತಲೆತಲಾಂತರದಿಂದ ಅಲ್ಲಿ ಬೇಸಾಯ ಮಾಡಿ, ಜೇನು ಕಿತ್ತು, ಮರಕ್ಕೆ ಪೂಜೆ ಮಾಡುತ್ತಿದ್ದ ಸೋಲಿಗರು ಚಿತ್ರದಿಂದಲೇ ಅಳಿಸಿಹೋದರು. ಅವರನ್ನು ಕಾಲೋನಿಗಳಿಗೆ ಕೂಡಿಹಾಕಲಾಯಿತು, ಬೇಸಾಯ ನಿಂತಿತು. 2011ರಲ್ಲಿ, ಬಹಳ ಹೋರಾಟದ ಮೇಲೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಹುಲಿ ಮೀಸಲು ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಅಳಿಸಿದ್ದನ್ನು ಮತ್ತೆ ಬರೆಯಲು ಸುಮಾರು ನಲವತ್ತು ವರ್ಷ ಬೇಕಾಯಿತು.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಗೋಪಾಲಸ್ವಾಮಿ ಬೆಟ್ಟದ ಮಗ್ಗುಲೂ ಸುಟ್ಟು ಕಪ್ಪಾಯಿತು. ಆ ವಾರ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯನ್ನು ಬಡಿದವರು ಯಾರು? ಇಲಾಖೆಯ ದಿನಗೂಲಿ ಕಾವಲುಗಾರರು, ಸುತ್ತಿನ ಹಾಡಿ ಹಳ್ಳಿಗಳ ಜನ, ದೂರದಿಂದ ಓಡಿಬಂದ ಸ್ವಯಂಸೇವಕರು. ಮಳೆ ಬಂದು ಹುಲ್ಲು ಚಿಗುರಿ ಮಂಜು ಇಳಿದಮೇಲೆ ತೆಗೆದ ಫೋಟೋಗಳಲ್ಲಿ ಅವರಿಲ್ಲ.

ಇನ್ನು ಬೆಟ್ಟದಿಂದ ಕೆಳಗಿಳಿದರೆ ರಸ್ತೆಯ ಎರಡು ಬದಿಯಲ್ಲೂ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಜೂನ್ ಬಂತೆಂದರೆ ಕೇರಳದಿಂದ ಕಾರು ಬಸ್ಸುಗಳಲ್ಲಿ ಜನ ಬಂದು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗಿಡ ತುಳಿದು ಹಾಳಾಗುತ್ತದೆಂದು ಕೆಲವು ರೈತರು ಹತ್ತಿಪ್ಪತ್ತು ರೂಪಾಯಿ ಕೇಳಲು ಪ್ರಾರಂಭಿಸಿದ್ದಾರೆ. ಈ ಚೆಂಡುಹೂವು ದೇವರ ಮುಡಿಗೆಂದು ಬೆಳೆದದ್ದಲ್ಲ; ಬಹುಪಾಲು ಹೋಗುವುದು ಬಣ್ಣ ತೆಗೆಯುವ ಕಾರ್ಖಾನೆಗೆ. ಬೀಜ ಕೊಟ್ಟವರು ಗೊತ್ತುಮಾಡಿದ ಬೆಲೆಗೆ, ಬಿಸಿಲಿನಲ್ಲಿ ಹೆಂಗಸರು ಕಿತ್ತು ಮೂಟೆ ಕಟ್ಟಿ ಕೊಡುವ ಸರಕು. ಚಾಮರಾಜನಗರದ ಹಿರಿಯರು ನಮ್ಮನ್ನು ಕೇಳಿದರಲ್ಲವೇ, ಹಿಟ್ಟಿಲ್ಲದವನಿಗೆ ಹೂವೇತಕ್ಕೆಂದು? ಸ್ವಾಮಿ, ನಮ್ಮ ತಾಲ್ಲೂಕಿನಲ್ಲಿ ಹೂವೇ ಹಿಟ್ಟು! ಹೂವು ಬೇರೆ ಹಿಟ್ಟು ಬೇರೆ ಎಂದು ಹೇಳುವ ಹಾಗೆಯೇ ಇಲ್ಲ. ಹೂವನ್ನು ನೋಡಲು ಬಂದವನಿಗೆ ಹಿಟ್ಟು ಕಾಣುವುದಿಲ್ಲ, ಅಷ್ಟೇ.

ಹಾಗಾದರೆ ಈ ಚಿತ್ರವನ್ನು ಗೋಡೆಯಿಂದ ಇಳಿಸಿಬಿಡೋಣವೇ? ಮಂಜು ನೋಡುವುದು ಉಳ್ಳವರ ಚಟ, ದುಡಿಯುವವನಿಗೆ ಬೇಕಾಗಿಲ್ಲ ಎಂದು ತೀರ್ಪು ಕೊಡೋಣವೇ? ನಮ್ಮ ಗೆಳೆಯರಲ್ಲಿ ಹಲವರು ಹೀಗೆ ಹೇಳುತ್ತಾರೆ. ಜರ್ಮನಿಯಿಂದಲೇ ಚಿತ್ರ ತರುವುದಾದರೆ ಕೇಥೆ ಕೊಲ್ವಿಟ್ಸಳ ನೇಕಾರರ ದಂಗೆಯ ಚಿತ್ರಗಳನ್ನು ತರಬಾರದಾಗಿತ್ತೇ ಎನ್ನುತ್ತಾರೆ. ತರಬೇಕು, ಮುಂದಿನ ಕೂಟಕ್ಕೆ ತರುತ್ತೇವೆ. ಹಸಿದ ಮಗುವನ್ನೂ ದುಡಿದ ಕೈಯನ್ನೂ ಆಕೆಯಷ್ಟು ಸತ್ಯವಾಗಿ ಬರೆದವರು ಕಡಮೆ. ಆದರೆ ದುಡಿಯುವವನಿಗೆ ಅವನ ಕಷ್ಟದ ಚಿತ್ರ ಮಾತ್ರ ಸಾಕು, ಬೆಟ್ಟದ ಚಿತ್ರ ಬೇಡ ಎನ್ನುವುದರಲ್ಲಿ ಒಂದು ಅವಮಾನ ಅಡಗಿದೆ. ಕೂಲಿಗಾರನಿಗೆ ಕೂಲಿಯ ಲೆಕ್ಕ ಬಿಟ್ಟು ಬೇರೇನೂ ಮನಸ್ಸಿನಲ್ಲಿ ಬರುವುದಿಲ್ಲವೆಂದು ಧಣಿ ನಂಬುತ್ತಾನೆ. ಅವನ ಪರವಾಗಿ ಹೋರಾಡುವವರೂ ಅದನ್ನೇ ನಂಬಬೇಕೇ?

ಆ ಹುಡುಗನ ಹಾಳೆ ಈ ಎರಡು ತಪ್ಪಿಗೂ ಉತ್ತರ. ದುಡಿಯುವವನು ಮಂಜನ್ನು ನೋಡುವುದಿಲ್ಲ ಎಂಬುದು ಮೊದಲನೆಯ ತಪ್ಪು. ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿದ್ದವನು ದನ ಕಾಯುವ ಹುಡುಗ. ಮೇಷ್ಟರಾದ ನಮಗೆ ಬೋರ್ಡಿನ ಬೆಟ್ಟ ಗೊತ್ತಿತ್ತು, ಹೊರಗಿನ ಬೆಟ್ಟ ಗೊತ್ತಿರಲಿಲ್ಲ. ಮಂಜು ಎಂದರೆ ಖಾಲಿ ಎಂಬುದು ಎರಡನೆಯ ತಪ್ಪು. ಅವನ ಮಂಜು ಖಾಲಿಯಾಗಿರಲಿಲ್ಲ. ಅದರೊಳಗೆ ಬೆಟ್ಟವಿತ್ತು, ಹಸುವಿತ್ತು, ಕೊರಳ ಗಂಟೆಯಿತ್ತು. ಹಸು ತಪ್ಪಿಸಿಕೊಂಡರೆ ಮನೆಯಲ್ಲಿ ಬೀಳುವ ಏಟಿನ ಭಯವೂ ಇದ್ದಿರಬೇಕು. ಫ್ರೀಡ್ರಿಖನ ಮನುಷ್ಯ ಬೆಟ್ಟದ ಮೇಲೆ ನಿಂತು ಕೆಳಗಿನ ಮಂಜನ್ನು ನೋಡುತ್ತಾನೆ. ನಮ್ಮ ಹುಡುಗ ಮಂಜಿನ ಒಳಗೆ ನಿಂತು ಬರೆದಿದ್ದ. ಇಬ್ಬರದೂ ನಿಜವಾದ ನೋಟ. ಒಬ್ಬನದು ಹ್ಯಾಂಬರ್ಗಿನ ಗೋಡೆಯ ಮೇಲಿದೆ. ಇನ್ನೊಬ್ಬನದು ಎಲ್ಲಿ ಹೋಯಿತೋ, ನಾವೇ ಹಿಂದಕ್ಕೆ ಎಸೆದದ್ದು. ಮೇಣದ ಬತ್ತಿ ಮಾಡುವವನ ಮಗನಿಗೆ ಕೋಪನ್‌ಹೇಗನ್ನಿನ ಕಲಾಶಾಲೆ ಸಿಕ್ಕಿತು. ದನ ಕಾಯುವವನಿಗೆ ಸಿಕ್ಕಿದ್ದು ನಾವು.

ಆದುದರಿಂದ ನಿಮ್ಮಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೆ. ಈ ಮಳೆಗಾಲದಲ್ಲಿ ಒಂದು ದಿನ ಎಲ್ಲರೂ ಬೆಟ್ಟಕ್ಕೆ ಹೋಗೋಣ. ಸಂಕೋಚವಿಲ್ಲದೆ ಮಂಜಿನ ಮುಂದೆ ನಿಲ್ಲೋಣ. ಅದು ಯಾರ ಅಪ್ಪನ ಆಸ್ತಿಯೂ ಅಲ್ಲ. ನೋಡಿ ಸಂತೋಷಪಡಲು ಹೂವು ಕೀಳುವ ಹೆಂಗಸಿಗೆ ಬೆಂಗಳೂರಿನ ಯಜಮಾನನಷ್ಟೇ ಹಕ್ಕಿದೆ. ಆಕೆಗೆ ಆ ಬೆಟ್ಟ ಹತ್ತಲು ಒಂದು ದಿನದ ಬಿಡುವು, ಬಸ್ಸಿನ ದುಡ್ಡು ಸಿಗಬೇಕೆಂಬುದೂ ನಮ್ಮ ಕೂಲಿಯ ಹೋರಾಟದ ಒಂದು ಭಾಗವೇ. ನಿಂತು ನೋಡಿದ ಮೇಲೆ ಸ್ವಲ್ಪ ಕಿವಿಗೊಡೋಣ. ಮಂಜಿನ ಕೆಳಗಿನಿಂದ ಗಂಟೆಯ ಸದ್ದು ಕೇಳಿಸುತ್ತದೆ. ಅಲ್ಲಿ ಯಾರೋ ಇದ್ದಾರೆ.

ಮೇಷ್ಟರುಗಳು ಯಾರಾದರೂ ಇಲ್ಲಿದ್ದರೆ ಅವರಿಗೆ ಒಂದು ಮಾತು: ಮಕ್ಕಳು ಖಾಲಿ ಹಾಳೆ ತಂದುಕೊಟ್ಟರೆ, ಸೊನ್ನೆ ಹಾಕುವ ಮೊದಲು ಅದೇನೆಂದು ಇನ್ನೊಂದು ಸಲ ಕೇಳಿ.